ಬೀಜದ ಹೋರಿಯ ಬೇಸಿಗೆಯ ಆರೈಕೆ

ಆಕಳು ಮೂರು ನಾಲ್ಕು ಸಲ ಹೋರಿಗೆ ಕೂಡಿದರೂ ಗಬ್ಬವಾಗದಿದ್ದರೆ ಅದನ್ನು ಗೊಡ್ಡೆಂದು ಕರೆದು ಸಂತೆಗೆ ಹೊಡೆಯುವುದು ಒಕ್ಕಲಿಗರಲ್ಲಿ ಹಳೆಯ ವಾಡಿಕೆ. ಮೇವಿನ ಕೊರತೆ, ಗರ್ಭಕೋಶದ ಬೇನೆ, ಬೆದೆಯ ಕಾಲ ತಪ್ಪುವುದು ಇವೆಲ್ಲ ಅದಕ್ಕೆ ಕಾರಣಗಳಾಗಬಹುದು. ಆದರೆ ಹೋರಿಯಲ್ಲಿಯೂ ದೋಷವಿರಬಹುದೆಂಬ ವಿಚಾರವನ್ನು ಮಾಡುವವರು ವಿರಳ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳ ಊರ ಪ್ರಮುಖರೂ ಜಮೀನುದಾರರೂ ಈ ವಿಷಯಕ್ಕೆ ಲಕ್ಷ್ಯ ಕೊಡುವುದು ಅವಶ್ಯವಾಗಿದೆ.

ಕುಸುಬಿ ಎಣ್ಣೆಯನ್ನು ಗಾಳಿ ಬಿಸಿಲಿಗೆ ತೆರೆದಿಟ್ಟರೆ ಕೆಲವು ದಿನಗಳಲ್ಲಿ ಕಮಟು ಹಿಡಿಯುವುದನ್ನು ಎಲ್ಲರೂ ಬಲ್ಲರು. ವೀರ್ಯಾಣುವಿನ ಹೊರಪೊರೆಯಲ್ಲಿಯೂ ಅಂಥ ಬೇಗನೆ ಕೆಡುವ ಕೊಬ್ಬು ಹೇರಳವಾಗಿದೆ. ಶರೀರವು ಆಮ್ಲಜನಕವನ್ನು ಬಳಸುವಾಗ ಹುಟ್ಟುವ ಕೆಲವು ಉಗ್ರ ಕಣಗಳು ಮಿತಿಯಲ್ಲಿದ್ದರೆ ಫಲಧಾರಣೆಗೆ ಸಹಾಯಕವೇ. ಮಿತಿಮೀರಿದರೆ ಆ ಕೊಬ್ಬನ್ನು ಕೆಡಿಸುತ್ತವೆ. ಇದಕ್ಕೆ ಉತ್ಕರ್ಷಣ ಒತ್ತಡವೆಂದು ಹೆಸರು. ಆಗ ವೀರ್ಯಾಣುವಿನ ಓಟ ಕುಗ್ಗುತ್ತದೆ, ಪೊರೆ ಒಡೆಯುತ್ತದೆ, ತಲೆಯೊಳಗಿನ ವಂಶದ್ರವ್ಯವೂ ತುಂಡಾಗುತ್ತದೆ. ಇಂಥದರಿಂದ ಗರ್ಭ ನಿಂತರೂ ಮೊದಲಿನಲ್ಲಿಯೇ ಅಳಿದುಹೋಗಬಹುದು. ಹಾನಿಯನ್ನು ತಾನೇ ಸರಿಪಡಿಸಿಕೊಳ್ಳುವ ಶಕ್ತಿ ವೀರ್ಯಾಣುವಿಗೆ ಬಹಳ ಕಡಿಮೆ. ಹೋರಿಯ ವೀರ್ಯಾಣುಗಳೇ ಹೈಡ್ರೋಜನ್ ಪೆರಾಕ್ಸೈಡನ್ನು ಹುಟ್ಟಿಸುವುವೆಂದೂ ಅದು ಅವುಗಳ ಉಸಿರಾಟವನ್ನೇ ತಡೆಯುವುದೆಂದೂ ಟೋಸಿಕ್ ಮತ್ತು ವಾಲ್ಟನ್ ಎಂಬ ವಿಜ್ಞಾನಿಗಳು 1946ರಲ್ಲಿಯೇ ತೋರಿಸಿದ್ದರು.

ಈ ಒತ್ತಡವನ್ನು ಹೆಚ್ಚಿಸುವ ಕಾರಣಗಳಲ್ಲಿ ಬಿಸಿಲು ಮುಖ್ಯವಾದುದು. ಹೋರಿಯ ವೃಷಣಗಳು ಮೈಯ ಶಾಖಕ್ಕಿಂತ ಕೆಲವು ಅಂಶ ತಂಪಾಗಿದ್ದರೇ ಒಳ್ಳೆಯ ಬೀಜ ಹುಟ್ಟುವುದು. ಒಂದು ವೀರ್ಯಾಣು ರೂಪುಗೊಂಡು ಪಕ್ವವಾಗುವುದಕ್ಕೆ ಎರಡು ತಿಂಗಳಿಗಿಂತ ಹೆಚ್ಚು ಕಾಲ ಹಿಡಿಯುತ್ತದೆ. ಆದುದರಿಂದ ಚೈತ್ರ ವೈಶಾಖಗಳ ಉರಿಯಲ್ಲಿ ಆದ ಹಾನಿಯು ಜ್ಯೇಷ್ಠ ಆಷಾಢಗಳಲ್ಲಿ ಪ್ರಕಟವಾಗುತ್ತದೆ. ಅಷ್ಟರಲ್ಲಿ ಮಳೆ ಬಿದ್ದು, ಹಸಿರು ಮೂಡಿ, ಹೋರಿಯ ಮೈ ಮಿಂಚುತ್ತಿರುತ್ತದೆ. ತಪ್ಪು ಮಾತ್ರ ಆಕಳ ತಲೆಗೆ ಬರುತ್ತದೆ.

ಮೇವಿನ ಮಾತೂ ಅಷ್ಟೇ ಮಹತ್ವದ್ದು. ಒಣ ಕಣಿಕೆಯಿಂದ ಹೊಟ್ಟೆ ತುಂಬಬಹುದು. ಆದರೆ ಈ ಒತ್ತಡವನ್ನು ತಡೆಯುವ ಇ ಜೀವಸತ್ವ ಮತ್ತು ಕ್ಯಾರೋಟಿನ್ ಒಣಗಿದ ಮೇವಿನಲ್ಲಿ ಬಹುಮಟ್ಟಿಗೆ ನಷ್ಟವಾಗಿರುತ್ತವೆ. ಕೃಷ್ಣೆಯ ನೀರಾವರಿ ಉಳ್ಳವರು ಕಬ್ಬಿನ ಹೊಲದ ಅಂಚಿನಲ್ಲಿ ಎರಡು ಗುಂಟೆ ಕುದುರೆ ಮೆಂತ್ಯವನ್ನು ಬೆಳೆದು ಹೋರಿಗೆ ಹಿತಮಿತವಾಗಿ ಹಾಕುವುದು ಕಷ್ಟವಲ್ಲ. ಖನಿಜ ಮಿಶ್ರಣವನ್ನು ಪಶುವೈದ್ಯರ ಸಲಹೆಯಂತೆ ಕೊಡತಕ್ಕದ್ದು. ಸೆಲೆನಿಯಮ್ ಅತಿಯಾದರೆ ಅದೇ ವಿಷ.

ಕೃತಕ ಗರ್ಭಧಾರಣೆ ಇರುವಾಗ ಹೋರಿಯ ಚಿಂತೆ ಏಕೆಂದು ಕೆಲವರು ಕೇಳಬಹುದು. 1939ರಲ್ಲಿ ಮೈಸೂರಿನ ಅರಮನೆಯ ಹೈನು ಕ್ಷೇತ್ರದಲ್ಲಿ ಸಂಪತ್ ಕುಮಾರನ್ ಅವರಿಂದ ಭಾರತದಲ್ಲಿ ಮೊದಲಾದ ಈ ಪದ್ಧತಿಯು ಇಂದು ಹಳ್ಳಿಹಳ್ಳಿಗೂ ಬಂದಿದೆ. ಆದರೆ ಘನೀಕರಿಸಿ ಕರಗಿಸುವುದೂ ವೀರ್ಯಾಣುವಿಗೆ ಇದೇ ಒತ್ತಡವನ್ನು ತರುವ ಕ್ರಿಯೆಯೇ. ನಳಿಕೆಯು ಮೈನಸ್ 196 ಅಂಶದ ದ್ರವ ಸಾರಜನಕದಲ್ಲಿಯೇ ಇರಬೇಕು. 37 ಅಂಶದ ಬಿಸಿನೀರಿನಲ್ಲಿ ಅರ್ಧ ನಿಮಿಷ ಕರಗಿಸಿ, ಬಿಸಿಲು ತಾಗಿಸದೆ ಕೂಡಲೇ ಉಪಯೋಗಿಸಬೇಕು. ಇದು ಸರಿಯಾಗಿ ನಡೆಯುವುದೇ ಎಂದು ದನದ ಒಡೆಯನು ಕೇಳುವುದು ಒರಟುತನವಲ್ಲ.

ಎರೆ ಭೂಮಿಯ ಉಳುಮೆಗೆ ಹೆಸರಾದ ಕೃಷ್ಣಾ ಕಣಿವೆಯ ತಳಿಯು ಈ ಸೀಮೆಯ ಆಸ್ತಿ. ಈಗ ಅದರ ಸಂಖ್ಯೆ ಬಹಳ ಇಳಿದುಹೋಗಿದೆ. ಇಂಥಲ್ಲಿ ಒಂದು ಹೋರಿಯ ಬೀಜ ಕೆಟ್ಟರೂ ತಳಿಗೆ ದೊಡ್ಡ ನಷ್ಟ. ಆದಕಾರಣ ಊರ ಹೋರಿಗೆ ಬೇವಿನ ನೆರಳು ಅಥವಾ ಎತ್ತರದ ಚಪ್ಪರ, ಸದಾ ತಣ್ಣೀರು, ನಿತ್ಯ ಹಸಿ ಮೇವು ಇವುಗಳನ್ನು ಒದಗಿಸಲು ಗ್ರಾಮ ಪಂಚಾಯತಿಯೂ ಹಿರಿಯರೂ ಮುಂದಾಗಬೇಕು. ಮುಂಗಾರಿಗೆ ಮೊದಲು ಪಶುವೈದ್ಯರಿಂದ ವೀರ್ಯದ ಸಂಖ್ಯೆ, ಚಲನೆ, ಆಕಾರಗಳನ್ನು ಪರೀಕ್ಷೆ ಮಾಡಿಸತಕ್ಕದ್ದು. ಬಿತ್ತುವ ಮೊದಲು ಬೀಜದ ಮೊಳಕೆಯನ್ನು ಪರೀಕ್ಷಿಸುವ ಒಕ್ಕಲಿಗನಿಗೆ ಇದು ಹೊಸ ಪಾಠವೇನಲ್ಲ. ಆ ಪರೀಕ್ಷೆಯಾಗುವವರೆಗೆ ಯಾವ ಆಕಳನ್ನೂ ಗೊಡ್ಡೆಂದು ಮಾರದಿರುವುದು ಲಾಭಕರವೂ ಹೌದು, ನ್ಯಾಯವೂ ಹೌದು.