ಅಪ್ಪನ ಓಟು ಯಾರಿಗೆ ಬೇಕಿತ್ತು?

ನಮ್ಮ ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಈಗ ಆ ಹುದ್ದೆಯನ್ನು ಟ್ರ್ಯಾಕ್ ಮೇಂಟೇನರ್ ಎನ್ನುತ್ತಾರೆ. ಹೆಸರು ಬದಲಾಗಿದೆ, ಕೈಯಲ್ಲಿನ ಹಾರೆ ಬದಲಾಗಿಲ್ಲ.

2024ರ ಲೋಕಸಭಾ ಚುನಾವಣೆಯ ಹೊತ್ತಿಗೆ, ಏಪ್ರಿಲ್ ಕೊನೆಯ ವಾರ, ಹುಬ್ಬಳ್ಳಿಯ ನಮ್ಮ ರೈಲ್ವೆ ಕಾಲೊನಿಗೆ ಎರಡು ಪಕ್ಷದವರೂ ಬಂದರು. ಗುಡಿ ಮುಂದೆ ಶಾಮಿಯಾನ, ಚಹಾ, ಭಾಷಣ. ಇಬ್ಬರೂ ಎತ್ತಿದ್ದು ಪಿಂಚಣಿ ಮಾತನ್ನೇ. 2004ರ ಜನವರಿ 1ರಿಂದ ಕೆಲಸಕ್ಕೆ ಸೇರುವ ರೈಲ್ವೆ ನೌಕರರಿಗೆ ಹಳೆಯ ಪಿಂಚಣಿ ಇಲ್ಲ ಎಂದು ನಿರ್ಧರಿಸಿದ್ದು ಆಗಿನ ಎನ್‌ಡಿಎ ಸರ್ಕಾರ. ಆಮೇಲೆ ಬಂದ ಯುಪಿಎ ಹತ್ತು ವರ್ಷ ಅದನ್ನೇ ಮುಂದುವರಿಸಿತು. ಅಪ್ಪ ಸೇರಿದ್ದು 2006ರಲ್ಲಿ. ಹಾಗಾಗಿ ಒಬ್ಬರು ಇನ್ನೊಬ್ಬರನ್ನು ಬೈಯುವಾಗ ಅವರು ಚಹಾ ಕುಡಿದು ಸುಮ್ಮನೆ ಎದ್ದು ಬಂದರು.

ಕಾರ್ಯಕರ್ತರೊಬ್ಬರು ನನ್ನನ್ನು ಕೇಳಿದರು: 'ತಂಗಿ, ನಿಮ್ಮ ಮನ್ಯಾಗ ಎಷ್ಟು ಓಟು ಅದಾವ?' 'ಮೂರು ಅದಾವ್ರಿ' ಎಂದೆ. ಮೂರನೆಯದು ನನ್ನದು, ಮೊದಲ ಸಲದ್ದು.

ಮೇ 7ರಂದು ಬಿದ್ದದ್ದು ಎರಡೇ. ಅಪ್ಪನ ಸೆಕ್ಷನ್ ಊರಿಂದ ದೂರ. ಮತಗಟ್ಟೆ ತೆರೆಯುವ ಮೊದಲೇ ಹೊರಟವರು ಮುಚ್ಚಿದ ಮೇಲೆ ಮನೆಗೆ ಬಂದರು. ಬೇಸಿಗೆಯಲ್ಲಿ ಹಳಿ ಹಿಗ್ಗಿ ಡೊಂಕಾಗುತ್ತದೆ. ನಡು ಮಧ್ಯಾಹ್ನದ ಬಿಸಿಲಲ್ಲೇ ನಡೆದು ನೋಡುವವರು ಬೇಕು. ಓಟು ಹಾಕಲೆಂದು ಊರಿಗೆ ಹೊರಟವರ ರೈಲೂ ಅದೇ ಹಳಿಯ ಮೇಲೆ ಹೋಗಿರಬೇಕು.

ರೈಲ್ವೆಯಂಥ ಅಗತ್ಯ ಸೇವೆಯವರಿಗೆ ಅಂಚೆ ಮತದ ಅವಕಾಶ ಇದೆ ಎಂದು ನನಗೆ ಗೊತ್ತಾಗಿದ್ದು ಆಮೇಲೆ. ಅದಕ್ಕೆ 12ಡಿ ನಮೂನೆಯಲ್ಲಿ ಅರ್ಜಿ ಕೊಡಬೇಕು, ಅದೂ ಚುನಾವಣಾ ಅಧಿಸೂಚನೆ ಹೊರಟ ಐದು ದಿನದೊಳಗೆ. ನಮ್ಮ ಕಡೆ ಅಧಿಸೂಚನೆ ಹೊರಟಿದ್ದು ಏಪ್ರಿಲ್ 12ಕ್ಕೆ. ಶಾಮಿಯಾನ ಹಾಕುವ ಹೊತ್ತಿಗೆ ಗಡುವು ಮುಗಿದೇ ಹೋಗಿತ್ತು. ಹಾಕಲಾಗದ ಓಟನ್ನು ಅವರು ಕೈಮುಗಿದು ಕೇಳುತ್ತಿದ್ದರು! ಅವರಿಗೆ ಗೊತ್ತಿರಲಿಲ್ಲವೋ, ಬೇಕಿರಲಿಲ್ಲವೋ.

ಚುನಾವಣೆ ರೈಲ್ವೆಯವರಿಗೆ ಸಣ್ಣ ವಿಷಯವಲ್ಲ. 1974ರ ಮೇ ತಿಂಗಳ ರೈಲ್ವೆ ಮುಷ್ಕರವನ್ನು ಮುನ್ನಡೆಸಿದವರು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಸರ್ಕಾರ ಅದನ್ನು ಮುರಿಯಿತು. ಸಾವಿರಾರು ಜನ ಜೈಲು ಸೇರಿದರು, ಕೆಲಸ ಕಳೆದುಕೊಂಡರು. ವಜಾ ಆದವರನ್ನು ಮರಳಿ ಕರೆದದ್ದು 1977ರ ಚುನಾವಣೆಯಲ್ಲಿ ಗೆದ್ದುಬಂದ ಜನತಾ ಸರ್ಕಾರ.

2024ರ ಡಿಸೆಂಬರ್‌ನಲ್ಲಿ ರೈಲ್ವೆ ಯೂನಿಯನ್‌ಗಳ ಮಾನ್ಯತೆಗೆ ಗುಪ್ತ ಮತದಾನ ನಡೆಯಿತು. ಒಂದು ದಿನವಲ್ಲ, 4ರಿಂದ 6ರವರೆಗೆ ಮೂರು ದಿನ. ಅಪ್ಪ ಡ್ಯೂಟಿ ನಡುವೆಯೇ ಹೋಗಿ ಹಾಕಿ ಬಂದರು. 'ಮನಸ್ ಮಾಡಿದ್ರ ಆಗ್ತೈತಿ ನೋಡವಾ' ಎಂದರು.

ಮುಂದಿನ ಚುನಾವಣೆಗೆ ನಮ್ಮ ಕಾಲೊನಿಗೆ ಬರುವವರಲ್ಲಿ ನನ್ನದೊಂದು ವಿನಂತಿ. ಭಾಷಣಕ್ಕೆ ಯಾವಾಗ ಬೇಕಾದರೂ ಬನ್ನಿ. ಅದಕ್ಕೂ ಮೊದಲು, ಅಧಿಸೂಚನೆ ಹೊರಟ ದಿನವೇ, 12ಡಿ ಅರ್ಜಿಯ ಕಟ್ಟು ಹಿಡಿದು ಒಮ್ಮೆ ಬಂದುಹೋಗಿ. ಅವತ್ತಿನ ಚಹಾ ನಮ್ಮ ಮನೆಯದು.