ಬೈಟು ಕಾಫಿಯ ಲೆಕ್ಕ
ನಮ್ಮ ಬೀದಿ ತಿರುವಿನ ಕಾಫಿ ಅಂಗಡಿಗೆ ಕಳೆದ ತಿಂಗಳು ಬೀಗ ಬಿತ್ತು. ಬೆಳಗಿನ ಐದೂವರೆಗೇ ಅಲ್ಲಿ ಹಿತ್ತಾಳೆ ಫಿಲ್ಟರಿನಿಂದ ಡಿಕಾಕ್ಷನ್ ಇಳಿಯುತ್ತಿತ್ತು. ವಾಕಿಂಗ್ ಮುಗಿಸಿದ ನಾವು ನಾಲ್ವರು ಎರಡು ಬೈಟು ಹೇಳಿ, ಗಂಟೆಗಟ್ಟಲೆ ದೇಶದ ರಾಜಕೀಯ ಬಗೆಹರಿಸುತ್ತಿದ್ದೆವು. ಗಲ್ಲಾಪೆಟ್ಟಿಗೆಗೆ ಬೀಳುತ್ತಿದ್ದದ್ದು ನಲವತ್ತು ರೂಪಾಯಿ. ಬ್ರೆಜಿಲ್, ವಿಯೆಟ್ನಾಂಗಳಲ್ಲಿ ಮಳೆ ಕೈಕೊಟ್ಟು 2024ರಲ್ಲಿ ಕಾಫಿ ಬೀಜದ ಬೆಲೆ ಗಗನಕ್ಕೇರಿತು. ಕೊಡಗು, ಚಿಕ್ಕಮಗಳೂರಿನ ಬೆಳೆಗಾರರು ಬಹುಕಾಲದ ಮೇಲೆ ನಕ್ಕರು, ಆ ನಗುವಿಗೆ ನನ್ನ ತಕರಾರಿಲ್ಲ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ಇವುಗಳ ಮೇಲೆ ಬಾಡಿಗೆ, 19 ಕೆ.ಜಿ.ಯ ಸಿಲಿಂಡರ್, ಲೋಟ ತೊಳೆಯುವ ಹುಡುಗನ ಸಂಬಳ. ಚಿಕೋರಿ ಒಂದು ಚಿಟಿಕೆ ಹೆಚ್ಚಾದರೆ ನಮ್ಮ ನಾಲಿಗೆಗೆ ಗೊತ್ತಾಗುತ್ತದೆ, ರೇಟು ಎರಡು ರೂಪಾಯಿ ಹೆಚ್ಚಾದರೆ ಮುಖ ಸಿಂಡರಿಸುತ್ತೇವೆ. ಅದೇ ನಾವು ಮಾಲಿನಲ್ಲಿ ಇನ್ನೂರೈವತ್ತು ತೆತ್ತು, ಕಾಗದದ ಲೋಟ ಹಿಡಿದು ತೆಪ್ಪಗೆ ಕೂರುತ್ತೇವೆ. ಅಲ್ಲಿ ಕುರ್ಚಿ, ಎಸಿ, ವೈಫೈಗೂ ಕಾಫಿಯ ಹೆಸರಿನಲ್ಲೇ ಬಿಲ್ಲು. ಮೊನ್ನೆ ಮುಚ್ಚಿದ ಶಟರ್ ಮುಂದೆ ಮಾಲೀಕರು ಸಿಕ್ಕಿದ್ದರು. "ನೀವು ನಾಲ್ವರೂ ಒಂದೊಂದು ಫುಲ್ ಕುಡಿದಿದ್ದರೆ ಇನ್ನೊಂದು ವರ್ಷ ಎಳೀತಿದ್ದೆ, ಸಾರ್" ಎಂದು ನಕ್ಕರು. ಈಗ ನಮ್ಮ ಸಭೆ ಪಾರ್ಕಿನ ಕಲ್ಲುಬೆಂಚಿನ ಮೇಲೆ. ಫ್ಲಾಸ್ಕ್ ಯಾರು ತರಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ.