ಹಿನ್ನೀರಿನ ದಡದಲ್ಲಿ ಮೊದಲ ಹಕ್ಕು ಯಾರದು?

ಬೆನ್ನಿಗೊಂದು ಚೀಲ, ಕೈಯಲ್ಲೊಂದು ಗಾಳ, ಕಾಡಿನ ನಡುವೆ ಜನರಿಲ್ಲದ ನೀರಿನ ದಡ, ರಾತ್ರಿ ತಂಗಲು ಪುಟ್ಟ ಡೇರೆ. ನಗರದ ಯುವಜನರ ಈ ಬಯಕೆಯನ್ನು ಹಗುರವಾಗಿ ಕಾಣಬೇಕಾಗಿಲ್ಲ. ನಿಸರ್ಗವನ್ನು ನಡೆದು ಅರಿತವರೇ ಅದರ ಪರವಾಗಿ ನಾಳೆ ಮಾತನಾಡಬಲ್ಲರು. ಆದರೆ ಅವರು ಹುಡುಕಿಕೊಂಡು ಬರುವ ಹೆಗ್ಗಡದೇವನಕೋಟೆಯ ಕಬಿನಿ ಹಿನ್ನೀರು ಯಾರೂ ಕಾಲಿಡದ ಗಿರಿಸರೋವರವಲ್ಲ. ಅದರ ತಳದಲ್ಲಿ ಊರುಗಳಿವೆ.

1974ರಲ್ಲಿ ಬೀಚನಹಳ್ಳಿಯ ಬಳಿ ಅಣೆಕಟ್ಟು ಪೂರ್ಣಗೊಂಡಾಗ ಕಾಕನಕೋಟೆಯ ಕಾಡು, 1971ರಲ್ಲಿ ಕೊನೆಯ ಖೆಡ್ಡಾ ನಡೆದ ನೆಲ, ಹಳ್ಳಿಗಳು ಮತ್ತು ಆದಿವಾಸಿಗಳ ಹಾಡಿಗಳು ನೀರಿನಡಿ ಸೇರಿದವು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ತೆರೆದುಕೊಳ್ಳುವ ಹುಲ್ಲುಗಾವಲಿಗೆ ಆನೆಗಳು ಹಿಂಡುಹಿಂಡಾಗಿ ಇಳಿಯುವ ದೃಶ್ಯ ಇಂದು ವಿಶ್ವಪ್ರಸಿದ್ಧ. ಆ ದೃಶ್ಯಕ್ಕೆ ಬೆಲೆ ತೆತ್ತವರ ಹೆಸರು ಮಾತ್ರ ಯಾವ ಪ್ರವಾಸಿ ಕೈಪಿಡಿಯಲ್ಲೂ ಕಾಣಸಿಗದು.

ಮೀನಿನ ಕಥೆಯೂ ಭಿನ್ನವಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಇದೇ ಕಬಿನಿ ನದಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಮೀನನ್ನು ಗಾಳದಲ್ಲಿ ಹಿಡಿದರು. ಗಾಳ ಹಿಡಿಯುವವರ ಲೋಕದಲ್ಲಿ ಅದು ಇಂದಿಗೂ ದಾಖಲೆಯ ಮಾತು. ನಮ್ಮ ಜನ ಬಿಳಿಮೀನು ಎಂದು ಕರೆಯುವ ಕಾವೇರಿ ಕಣಿವೆಯ ಈ ಡುಬ್ಬದ ಮಹಶೀರ್‌ಗೆ ಖಚಿತವಾದ ವೈಜ್ಞಾನಿಕ ಹೆಸರು ದೊರೆತದ್ದು 2018ರಲ್ಲಿ. ಆ ಹೊತ್ತಿಗೆ ಅದು ಅಳಿವಿನ ಅಂಚಿಗೆ ಬಂದಿತ್ತು. ಅಣೆಕಟ್ಟುಗಳು ಅದರ ವಲಸೆಯ ದಾರಿಯನ್ನು ತಡೆದವು. ಸಿಡಿಮದ್ದು ಹಾಗೂ ಮರಳು ಗಣಿಗಾರಿಕೆ ಮೊಟ್ಟೆಯಿಡುವ ತಾಣಗಳನ್ನು ಕೆಡಿಸಿದವು. ಹೊರಗಿನಿಂದ ತಂದು ಬಿಟ್ಟ ಬೇರೆ ತಳಿಯ ಮಹಶೀರ್ ಅದರ ಜಾಗವನ್ನು ಆಕ್ರಮಿಸಿತು.

ಹಿನ್ನೀರಿನ ಒಂದು ಬದಿಗೆ ನಾಗರಹೊಳೆ, ಮತ್ತೊಂದು ಬದಿಗೆ ಬಂಡೀಪುರ. ಎರಡೂ ಹುಲಿ ಸಂರಕ್ಷಿತ ಪ್ರದೇಶಗಳು. ಅನುಮತಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ, ಡೇರೆ ಹಾಕುವ ಮಾತು ದೂರವೇ ಉಳಿಯಿತು. ಈ ಕಟ್ಟುಪಾಡು ಸರಿಯಾದದ್ದೇ. ಪ್ರಶ್ನೆಯಿರುವುದು ಅದು ಯಾರ ಮೇಲೆ ಎಷ್ಟು ಬಿಗಿಯಾಗಿ ಬೀಳುತ್ತದೆ ಎಂಬುದರಲ್ಲಿ. ಕಾಡಿನಂಚಿನ ಕಂದಾಯ ಭೂಮಿಯಲ್ಲಿ ಐಷಾರಾಮಿ ರೆಸಾರ್ಟ್‌ಗಳು ಸಾಲುಗಟ್ಟಿವೆ. ಅದೇ ನೀರಿಗೆ ಸಂಜೆಯೂಟದ ಮೀನಿಗಾಗಿ ಬಲೆ ಬೀಸುವ ಜೇನುಕುರುಬ ಅಪರಾಧಿಯಾಗುತ್ತಾನೆ.

ಕಾನೂನಿನ ಆಶಯ ಹೀಗಿಲ್ಲ. ನಾಗರಹೊಳೆಯ ಮೂರ್ಕಲ್‌ನಲ್ಲಿ ಖಾಸಗಿ ಹೋಟೆಲಿಗೆ ಅರಣ್ಯ ಭೂಮಿಯನ್ನು ಗುತ್ತಿಗೆ ನೀಡಿದ್ದನ್ನು ಆದಿವಾಸಿಗಳೇ ಪ್ರಶ್ನಿಸಿ, 1997ರಲ್ಲಿ ಹೈಕೋರ್ಟಿನಲ್ಲಿ ಗೆದ್ದರು. 2006ರ ಅರಣ್ಯ ಹಕ್ಕು ಕಾಯ್ದೆಯು ಜಲಮೂಲಗಳ ಮೀನಿನ ಮೇಲಿನ ಸಮುದಾಯದ ಹಕ್ಕನ್ನು ಸ್ಪಷ್ಟ ಶಬ್ದಗಳಲ್ಲಿ ಒಪ್ಪಿಕೊಂಡಿದೆ. ಹೈಕೋರ್ಟ್ ರಚಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿಯು 2014ರ ತನ್ನ ವರದಿಯಲ್ಲಿ ನಾಗರಹೊಳೆ ಅರಣ್ಯದಿಂದ ಹೊರಬಿದ್ದ 3,418 ಆದಿವಾಸಿ ಕುಟುಂಬಗಳನ್ನು ಗುರುತಿಸಿತು. ತೀರ್ಪು, ಕಾಯ್ದೆ, ವರದಿ ಮೂರೂ ನಮ್ಮ ಮುಂದಿವೆ. ಕೊರತೆ ಇರುವುದು ಅವುಗಳನ್ನು ಹಾಡಿಯ ಬಾಗಿಲಿಗೆ ಮುಟ್ಟಿಸುವ ಇಚ್ಛಾಶಕ್ತಿಯಲ್ಲಿ.

ಸಮುದಾಯದ ಸೊತ್ತನ್ನು ಉಳಿಸಲು ಸರ್ಕಾರದ ಬೇಲಿ ಅಥವಾ ಖಾಸಗಿ ಒಡೆತನ, ಇವೆರಡೇ ದಾರಿಯೆಂಬ ನಂಬಿಕೆಯನ್ನು ಅರ್ಥಶಾಸ್ತ್ರಜ್ಞೆ ಎಲಿನರ್ ಆಸ್ಟ್ರಮ್ ಅಲ್ಲಗಳೆದರು. ಬಳಸುವವರೇ ನಿಯಮ ರೂಪಿಸಿಕೊಂಡು ಕಾಯ್ದ ಕಾಡು, ಮೀನುಗಾರಿಕೆಗಳನ್ನು ಅಧ್ಯಯನ ಮಾಡಿದ ಅವರಿಗೆ 2009ರಲ್ಲಿ ನೊಬೆಲ್ ಸಂದಿತು. ನಮ್ಮಲ್ಲೂ ಉದಾಹರಣೆಯಿದೆ. ಕಾವೇರಿಯ ಭೀಮೇಶ್ವರಿ, ಗಾಲಿಬೋರೆ ಶಿಬಿರಗಳಲ್ಲಿ ಹಿಡಿದ ಮಹಶೀರನ್ನು ತೂಗಿ ಮರಳಿ ನೀರಿಗೆ ಬಿಡುವ ಪದ್ಧತಿ ಹಿಂದೆ ಇತ್ತು. ಸ್ಥಳೀಯರು ಮಾರ್ಗದರ್ಶಕರಾಗಿ ಸಂಬಳ ಪಡೆದರು. ಒಂದು ಕಾಲಕ್ಕೆ ಕಳ್ಳಬೇಟೆಯಲ್ಲಿದ್ದವರೂ ಅವರಲ್ಲಿದ್ದರು. ವನ್ಯಜೀವಿ ಧಾಮದೊಳಗೆ ಗಾಳ ಸಲ್ಲದೆಂದು ಆ ಶಿಬಿರಗಳು ನಿಂತಾಗ ಕಾಯುವ ಕಣ್ಣುಗಳೂ ಕಡಿಮೆಯಾದವು ಎಂಬ ವಾದವನ್ನು ತಳ್ಳಿಹಾಕಲಾಗದು.

ಹಾಗೆಂದು ಕಬಿನಿಯ ಕಾಡಿನ ದಡವನ್ನು ಡೇರೆಗಳಿಗೆ ತೆರೆಯಬೇಕೆಂದು ನಾನು ಹೇಳುತ್ತಿಲ್ಲ. ರಾತ್ರಿಯ ನೀರು ಆನೆ, ಹುಲಿಗಳದ್ದು. 2025ರಲ್ಲಿ ಈ ಭಾಗದ ರೈತರು ಹುಲಿ ದಾಳಿಗೆ ಬಲಿಯಾಗಿ, ನವೆಂಬರಿನಲ್ಲಿ ಸಫಾರಿಯನ್ನೇ ಸ್ಥಗಿತಗೊಳಿಸಬೇಕಾಗಿ ಬಂದದ್ದು ಎಲ್ಲರಿಗೂ ತಿಳಿದಿದೆ. ನಡಿಗೆ ಮತ್ತು ಗಾಳದ ಸುಖಕ್ಕೆ ಹುಲಿಯ ಕಾಡೇ ಆಗಬೇಕೆಂದಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರಗಳ ಕೆರೆಗಳಿವೆ. ಅಲ್ಲಿ ಮೀನುಗಾರರ ಸಹಕಾರ ಸಂಘಗಳು ಹಗಲು ಹೊತ್ತಿನ ಗಾಳಕ್ಕೆ ಪರವಾನಗಿ ನೀಡಲಿ, ಶುಲ್ಕ ಸಂಘಕ್ಕೇ ಸೇರಲಿ. ಕಬಿನಿಯ ಕಂದಾಯ ದಡದಲ್ಲಿ ಚಾರಣಕ್ಕೆ ಅವಕಾಶ ಕೊಡುವುದಾದರೆ ಹಾಡಿಯ ಯುವಕರೇ ಮಾರ್ಗದರ್ಶಕರಾಗಲಿ, ಗ್ರಾಮಸಭೆಯ ಒಪ್ಪಿಗೆ ಕಡ್ಡಾಯವಾಗಲಿ. ಎಲ್ಲಕ್ಕಿಂತ ಮೊದಲು, ಬಾಕಿ ಉಳಿದಿರುವ ಸಮುದಾಯ ಹಕ್ಕಿನ ಅರ್ಜಿಗಳನ್ನು ಕಾಲಮಿತಿಯೊಳಗೆ ಇತ್ಯರ್ಥಪಡಿಸಬೇಕು. ಆದಿವಾಸಿಯ ಬಲೆಗೆ ಹಕ್ಕುಪತ್ರ ಸಿಗುವ ಮುನ್ನ ಪ್ರವಾಸಿಯ ಗಾಳಕ್ಕೆ ಪರವಾನಗಿ ಸಿಗಬಾರದು.

ನಗರದಿಂದ ಬರುವ ಅತಿಥಿಗೆ ಸ್ವಾಗತವಿದೆ. ಆದರೆ ಅತಿಥಿಯಾಗಿ ಬರಬೇಕಾದರೆ ಆ ಮನೆಗೊಬ್ಬ ಯಜಮಾನನಿರಬೇಕು. ಅರ್ಧ ಶತಮಾನದ ಹಿಂದೆ ನೀರು ಆ ಯಜಮಾನನನ್ನು ಹೊರಗಟ್ಟಿತು. ಅವನನ್ನು ದಡಕ್ಕೆ ಮರಳಿ ಕರೆಯುವ ಹೊಣೆ ಸರ್ಕಾರದ್ದು.